ತುಂಡಾಗುತ್ತಲೇ ಇದ್ದ ಎಳೆಗಳು

ಭಾನುವಾರ, ಮಧ್ಯಾಹ್ನ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ, ಮೊದಲು ಜಗಳ. "ನೀನು ಯಾವುದನ್ನ ತಾನೇ ಪೂರ್ತಿ ಮಾಡಿದ್ದೀಯ?" ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆ ಮಾತಿಗೆ ಉತ್ತರ ಇದು.

ಒಂಬತ್ತನೇ ವಯಸ್ಸಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ, ನನ್ನ ಗೋಳು ತಾಳಲಾರದೆ ಕ್ರೋಶಾ ಕಡ್ಡಿ ಕೈಗೆ ಕೊಟ್ಟವಳು ನೀನೇ. ಆ ಮೂರು ತಿಂಗಳಲ್ಲಿ ರೇಡಿಯೊಗೂ ನೀರಿನ ಹೂಜಿಗೂ ನಿಜವಾಗಿಯೇ ಟೋಪಿ ಹಾಕಿದೆ. ಆಮೇಲೆ ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆದೆ. ಭಾವನಿಗೆ ಹೆಣೆದದ್ದರ ಒಂದು ತೋಳು ಮೊಣಕೈಗೇ ನಿಂತಿತು, ಒಪ್ಪಿಕೊಳ್ಳುತ್ತೇನೆ. ಅಂಗಡಿಯ ಉಣ್ಣೆ ಸಪ್ಪೆ ಅನ್ನಿಸಿದಾಗ ರಾಟೆ ತಂದೆ. ನೂತ ನೂಲು ಬಟ್ಟೆಯಾಗುವುದನ್ನು ನೋಡಬೇಕೆನಿಸಿ ನೇಯ್ಗೆ ಶಾಲೆಯಲ್ಲಿ ಮಗ್ಗಕ್ಕೆ ಕೂತೆ. ನಿನ್ನ ಕಣ್ಣಿಗೆ ಇದೆಲ್ಲ ಬಿಟ್ಟೋಡಿದ್ದು. ನನಗೆ ಒಂದರ ಕೈ ಹಿಡಿದುಕೊಂಡೇ ಇನ್ನೊಂದಕ್ಕೆ ಹೋಗಿದ್ದು.

ಕೈಮಗ್ಗದ ಪ್ರದರ್ಶನಕ್ಕೆಂದು ನಾನೇ ನೂತ ಉಣ್ಣೆಯನ್ನು ಹಾಸಾಗಿ, ಅಂದರೆ ಮಗ್ಗದ ಉದ್ದಕ್ಕೂ ಬಿಗಿಯುವ ಎಳೆಗಳಾಗಿ, ಏರಿಸಿದೆ. ಆರುನೂರು ಎಳೆ. ಮಗ್ಗದ ಮೇಷ್ಟ್ರು ಒಂದನ್ನು ಜಗ್ಗಿ ನೋಡಿ, "ಹುರಿ ಸಾಲದಮ್ಮ. ಎರಡೆಳೆ ಸೇರಿಸು, ಇಲ್ಲಾಂದ್ರೆ ಗಿರಣಿ ನೂಲು ಹಾಕು" ಅಂದರು. ನಾನು ಕೇಳಬೇಕಲ್ಲ! ತಿಂಗಳಿಡೀ ನೇಯ್ದದ್ದಕ್ಕಿಂತ ಗಂಟು ಹಾಕಿದ್ದೇ ಹೆಚ್ಚು. ಲಾಳಿ ಎರಡು ಸಲ ಓಡಿದರೆ ಮೂರು ಎಳೆ ಪಟ್ ಪಟ್. ಹೋದ ವಾರ ಒಂದೇ ಏಟಿಗೆ ಹನ್ನೊಂದು ಹೋದವು. ಎದ್ದು ಕತ್ತರಿ ತಂದು ಇಡೀ ಹಾಸನ್ನೇ ಕತ್ತರಿಸಿಬಿಟ್ಟೆ. ಪಕ್ಕದ ಮಗ್ಗದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದರು. ಮೇಷ್ಟ್ರು ಬೈಯಲಿಲ್ಲ, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. "ಊಟ ಮಾಡ್ಕೊಂಡು ಬಾಮ್ಮ, ಮತ್ತೆ ಶುರು ಮಾಡೋಣ" ಅಂದರು, ಅಷ್ಟೇ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ ಮನೆಯಲ್ಲಿದ್ದ ನೂಲನ್ನೆಲ್ಲ ಎರಡೆಳೆ ಸೇರಿಸಿ ಹುರಿ ಮಾಡಿದೆ. ನೂಲು ಅರ್ಧಕ್ಕಿಳಿಯಿತು, ಬಟ್ಟೆಯ ಅಗಲವೂ ಅರ್ಧ. ನಿನ್ನೆಯಿಂದ ಒಂದು ಗೇಣು ನೇಯ್ದಿದ್ದೇನೆ. ಅಂಚು ಅಂಕುಡೊಂಕು, ನೋಡಿದರೆ ನನಗೇ ರೇಗುತ್ತದೆ. ಮೇಷ್ಟ್ರು ಬೆರಳಾಡಿಸಿ "ಹೂಂ" ಅಂದರು. ಅವರ ಹೂಂಗೆ ಅರ್ಥ ಏನೆಂದು ಇವತ್ತಿನವರೆಗೆ ಯಾರಿಗೂ ತಿಳಿದಿಲ್ಲ. ಆದರೆ ಒಂದೇ ಒಂದು ಎಳೆಯೂ ಹರಿದಿಲ್ಲ.

ಒಮ್ಮೆ ಬಂದು ನೋಡು. ಆಮೇಲೂ ಬೈಯಬೇಕೆನಿಸಿದರೆ ಎದುರಿಗೇ ಬೈ.

ಸಿಟ್ಟು ಇಳಿಯದ,
ನಿನ್ನ ತಂಗಿ

ತಾ.ಕ.: ಗಡುವು ಮೀರಿತೆಂದು ಪ್ರದರ್ಶನದವರು ಮೊನ್ನೆ ಗುರುವಾರವೇ ನನ್ನನ್ನು ಕೈಬಿಟ್ಟಿದ್ದಾರೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಹೊಸ ಹಾಸು ಏರಿಸಿದ್ದು ಅದರ ಮಾರನೆಯ ದಿನ.