ಒಂದು ಚಮಚ ಲೇಹ್ಯ

ಮಟ್ಟಾಂಚೇರಿ,
9 ಸೆಪ್ಟೆಂಬರ್ 2025

ಪ್ರೀತಿಯ ಅಮ್ಮ,

ಫೋನ್ ಆಫ್ ಮಾಡಿಟ್ಟಿದ್ದೇನೆ, ಗಾಬರಿಯಾಗಬೇಡ. ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ಮಾತಿನ ವೇಗ ಕೇಳುತ್ತೀ. ಸ್ವಲ್ಪ ಜೋರಾಗಿ ನಕ್ಕರೂ ನಿದ್ದೆ ಸರಿಯಾಗಿ ಬಂತಾ ಎನ್ನುತ್ತೀ. ಕಾಗದಕ್ಕೆ ವೇಗವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೇಸಿಗೆ ರಜೆಗಳಲ್ಲಿ ಹಿಡಿದು ಕೂರಿಸಿ ನೀನೇ ಕಲಿಸಿದ ಕನ್ನಡ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ಓಣಂಗೆ ಯಾಕೆ ಬರಲಿಲ್ಲ ಎಂದು ಕೇಳಿದ್ದೆಯಲ್ಲ, ಕೆಲಸವಿದೆ ಎಂದದ್ದು ಸುಳ್ಳು. ನಿನ್ನ ಕೈಯ ಊಟ ಮಾಡಲು ಹೆದರಿಕೆಯಾಯಿತು.

ಈ ಸಾಲು ಓದಿ ನಿನ್ನ ಮುಖ ಹೇಗಾಗಿರುತ್ತದೆ ಎಂದು ಬಲ್ಲೆ. ನಾಲ್ಕು ವರ್ಷದ ಹಿಂದೆಯೂ ಇದನ್ನೇ ಹೇಳಿದ್ದೆ. ನೀನು ಸಾರಿನಲ್ಲಿ ವಿಷ ಬೆರೆಸುತ್ತೀ ಎಂದು ಕೋಣೆಯ ಚಿಲಕ ಹಾಕಿಕೊಂಡು, ನಾನೇ ಸುಲಿದ ಬಾಳೆಹಣ್ಣು ಬಿಟ್ಟರೆ ಬೇರೇನೂ ಮುಟ್ಟದೆ ಕೂತಿದ್ದೆ. ಕೊನೆಗೆ ಕೃಷ್ಣಾನಂದ ಮಾಮ ಆಸ್ಪತ್ರೆಯಿಂದ ಇಬ್ಬರನ್ನು ಕರೆತಂದು ಬಾಗಿಲು ಒಡೆಸಿದ. ಮೆಟ್ಟಿಲಿಳಿಸುವಾಗ ಅವನು ನನ್ನ ತೋಳನ್ನು ಹೇಗೆ ಹಿಡಿದಿದ್ದನೆಂದರೆ, ಈಗಲೂ ಬಸ್ಸಿನಲ್ಲಿ ಯಾರಾದರೂ ಆ ಜಾಗ ಮುಟ್ಟಿದರೆ ಬೆಚ್ಚುತ್ತೇನೆ. ಅಂದು ನನಗಿದ್ದದ್ದು ರೋಗವೇ. ಒಪ್ಪುತ್ತೇನೆ. ಆದ್ದರಿಂದಲೇ ಇದನ್ನು ನಿಧಾನವಾಗಿ ಓದು.

ಜುಲೈಯಲ್ಲಿ ನನಗೆ ಮುಟ್ಟು ನಿಂತಿತು. ಎದೆ ಬಿಗಿದು, ಹಾಲಿನಂಥದ್ದು ಒಸರಿ ಬಟ್ಟೆಗೆ ಅಂಟತೊಡಗಿತು. ಮದುವೆಯಾಗದವಳು, ಯಾರಿಗೆ ಹೇಳಲಿ? ಎರ್ನಾಕುಲಂನಲ್ಲಿ ಡಾಕ್ಟರ್ ರಾಜಲಕ್ಷ್ಮಿ ಎಂಬವರ ಬಳಿ ಒಬ್ಬಳೇ ಹೋದೆ. ರಕ್ತದ ರಿಪೋರ್ಟ್ ನೋಡಿ, "ತಲೆಯ ಕಾಯಿಲೆಗೆ ಯಾವ ಮಾತ್ರೆ ತಗೊಳ್ತಿದ್ದೀ ಮೋಳೇ?" ಎಂದರು. ಹಿಂದೆ ತೆಗೆದುಕೊಳ್ಳುತ್ತಿದ್ದೆ, ಬಿಟ್ಟು ವರ್ಷದ ಮೇಲಾಯಿತು ಎಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ, ಆ ಮಾತ್ರೆಗಳಿಂದ ಹೀಗಾಗುವುದುಂಟು, ಬೇರೆ ಕಾರಣಗಳೂ ಇರುತ್ತವೆ, ಇನ್ನೊಂದು ಪರೀಕ್ಷೆ ಮಾಡೋಣ ಎಂದರು. ಆ ಬೇರೆ ಕಾರಣಗಳನ್ನು ನಂಬಿಕೊಂಡೇ ದೋಣಿ ಹತ್ತಿ ಮನೆಗೆ ಬಂದೆ.

ನಂಬಲೇಬೇಕಿತ್ತಮ್ಮ. ಮಾತ್ರೆಯಿಲ್ಲದ ಆ ಒಂದು ವರ್ಷದಿಂದಲೇ ನನಗೊಂದು ಬೆಲೆ ಬಂದದ್ದು. ಕಾಯಿಲೆಯನ್ನು ಸ್ವತಃ ಅನುಭವಿಸಿದವರೂ ಸಂಶೋಧನೆಯಲ್ಲಿ ಕೂರಬೇಕು, ಅವರ ಮಾತಿಗೂ ತೂಕವಿರಬೇಕು ಎಂದೇ ಅಲ್ಲವೇ ಪಟ್ಟಂನ ಸಂಶೋಧನಾ ಕೇಂದ್ರದವರು ನನ್ನನ್ನು ಸಮಿತಿಗೆ ಕರೆದದ್ದು? ಸಮಿತಿ ನಡೆಸುವ ಸುಮಿತ್ರ ಮೇಡಂ ನನ್ನನ್ನು ವೇದಿಕೆಗೆ ಕರೆಯುವಾಗಲೆಲ್ಲ, ಮಾತ್ರೆಯ ಹಂಗಿಲ್ಲದೆ ನಿಂತವಳು ಎನ್ನುತ್ತಿದ್ದರು. ನೀನು ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಅದನ್ನು ಹೆಮ್ಮೆ ಎಂದುಕೊಂಡಿದ್ದೆ.

ಆಗಸ್ಟ್ ಕೊನೆಯ ಸಭೆಗೆ ಮನೆಯವರೂ ಬಂದಿದ್ದರಲ್ಲ, ನೀನೂ ಇದ್ದೆಯಲ್ಲ. ರೋಗಿಗೆ ತಿಳಿಸದೆ ಔಷಧಿ ಕೊಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಡೆದಿತ್ತು. ಏಲೂರಿನ ಕಾರ್ಖಾನೆಯಲ್ಲಿ ದುಡಿಯುವ ವಿಲ್ಸನ್ ಎದ್ದು ನಿಂತರು. ಶಿಫ್ಟ್ ಮುಗಿಸಿ ನೇರ ರೈಲು ಹತ್ತಿ ಬಂದಿದ್ದರು, ಕಣ್ಣು ಕೆಂಪಾಗಿತ್ತು.

"ನಾನು ಮಗನ ಮೀನ್ ಸಾರಿನಲ್ಲಿ ಔಷಧಿಯ ಹನಿ ಹಾಕ್ತೇನೆ. ರುಚಿ ಇಲ್ಲ, ಬಣ್ಣ ಇಲ್ಲ. ಮಗ ಈಗ ಕೆಲಸಕ್ಕೆ ಹೋಗ್ತಿದ್ದಾನೆ. ಹೇಳಿ ಕೆಡಿಸಲಾ?"

ತಾಯಂದಿರೆಲ್ಲ ಸರಿಯೆಂದು ತಲೆಯಾಡಿಸಿದರು. ಮುಂದೊಂದು ದಿನ ಅವನಿಗೆ ಗೊತ್ತಾದರೆ ಎಂದು ನಾನು ಕೇಳಿದೆ.

"ಅವತ್ತಿಂದ ನನ್ನ ಕೈಯಿಂದ ನೀರೂ ಕುಡಿಯೋದಿಲ್ಲ ಮೋಳೇ" ಎಂದು ಅವರು ಕೂತುಬಿಟ್ಟರು.

ನಾನು ನಿನ್ನ ಕಡೆ ನೋಡಿದೆ. ಅಷ್ಟು ಹೆಂಗಸರಲ್ಲಿ ತಲೆಯಾಡಿಸದವಳು ನೀನೊಬ್ಬಳೇ. ಬ್ಯಾಗಿನ ಜಿಪ್ ತೆರೆಯುತ್ತಾ ಮುಚ್ಚುತ್ತಾ ಕೂತಿದ್ದೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಎಂದಿನಂತೆ ನೆಲ್ಲಿಕಾಯಿ ಲೇಹ್ಯದ ಬಾಟಲಿ ನನ್ನ ಕೈಗಿಟ್ಟು, ದಿನಕ್ಕೊಂದು ಚಮಚ, ತಪ್ಪಿಸಬೇಡ ಎಂದೆ. ಆ ಲೇಹ್ಯ ಶುರುವಾದದ್ದು ಯಾವಾಗ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಮಾತ್ರೆ ಬಿಟ್ಟೆ ಎಂದು ನಿನಗೆ ಹೇಳಿದ ತಿಂಗಳೇ.

ಅಂದಿನಿಂದ ಅದನ್ನು ಮುಟ್ಟಿಲ್ಲ.

ಈಗ ಕಷ್ಟದ ಮಾತು. ನಿದ್ದೆ ಹೋಗಿದೆ. ಎದುರಿಗೊಂದು ಒಣಶುಂಠಿಯ ಗೋದಾಮಿದೆ. ನಿನ್ನೆ ಅಲ್ಲಿ ಮೂಟೆ ಎಣಿಸುತ್ತಿದ್ದಾಗ ಎಣಿಕೆಯ ನಡುವೆ ನನ್ನ ಹೆಸರು ಕೇಳಿಸಿತು. ಅವರು ಹೇಳಿಲ್ಲ ಎಂದು ನನಗೆ ಗೊತ್ತು. ಇನ್ನೂ ಗೊತ್ತಿದೆ. ಎಷ್ಟು ದಿನ ಗೊತ್ತಿರುತ್ತದೋ ತಿಳಿಯದು. ಇಂಥ ಔಷಧಿಯನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ಎಷ್ಟು ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ! ಆದರೆ ಏನನ್ನು ನಿಲ್ಲಿಸಿದ್ದೇನೆ ಎಂದೇ ನನಗೆ ಗೊತ್ತಿಲ್ಲವಲ್ಲ.

ಸುಮಿತ್ರ ಮೇಡಂಗೆ ಹೇಳಿ ನೋಡಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ, "ನಿದ್ದೆ ಹೇಗಿದೆ ಸಂಹಿತಾ? ಮುಂದಿನ ಸಭೆಗೆ ಬರಬೇಡ, ಸ್ವಲ್ಪ ವಿಶ್ರಾಂತಿ ತಗೋ" ಎಂದರು. ನನ್ನ ಅನುಭವ ಬೇಕು ಎಂದು ಕರೆದವರು, ಅನುಭವ ಎದುರಿಗೆ ಬಂದು ಕೂತಾಗ ರಜೆ ಕೊಟ್ಟು ಕಳಿಸಿದರು. ಮನೋವೈದ್ಯರ ಬಳಿ ಹೋಗಿ, ಅಮ್ಮ ತಿನ್ನುವುದರಲ್ಲಿ ಏನೋ ಬೆರೆಸುತ್ತಾಳೆ ಎಂದರೆ ಅವರು ಏನು ಬರೆದುಕೊಳ್ಳುತ್ತಾರೆ ಹೇಳು? ನನ್ನ ಹಳೆಯ ಫೈಲಿನ ಮೊದಲನೇ ಸಾಲೇ ಅದು.

ನಾನು ಕೇಳುವುದು ಇಷ್ಟೇ. ಔಷಧಿಯ ಹೆಸರು, ಎಷ್ಟು ಹಾಕುತ್ತಿದ್ದೆ. ಬರೆದು ಕಳಿಸು. ಬೇಕಾದರೆ ಅದನ್ನು ನನ್ನ ಕೈಯಾರೆ ತೆಗೆದುಕೊಳ್ಳುತ್ತೇನೆ, ಡಾಕ್ಟರ ಎದುರಿಗೇ. ನಿನ್ನ ಮೇಲೆ ಕೋಪವಿದೆ. ಅದು ರೋಗವಲ್ಲ, ಕೋಪ. ನೀನು ಏನೂ ಬೆರೆಸಿಲ್ಲವಾದರೆ ಅದನ್ನಾದರೂ ಬರೆ, ಆಗ ನನಗೆ ಏನಾಗುತ್ತಿದೆ ಎಂದು ನಾನೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಇದನ್ನು ಮಾಮನಿಗೆ ಮಾತ್ರ ತೋರಿಸಬೇಡ.

ನಿನ್ನ ಮಗಳು,
ಸಂಹಿತಾ

ಪಟ್ಟಂ, ತಿರುವನಂತಪುರ,
11 ಸೆಪ್ಟೆಂಬರ್ 2025

ನನ್ನ ಕಂದ ಸಂಹಿತಾ,

ನಿನ್ನ ಕಾಗದ ತಲುಪಿತು. ಓದಿ ಸಂಕಟವಾಯಿತು. ನೀನು ತುಂಬ ದಣಿದಿದ್ದೀಯ. ಸಭೆ, ಪ್ರಯಾಣ, ಊರವರ ಕಾಯಿಲೆಗಳನ್ನೆಲ್ಲ ಕೇಳುವುದು, ಇವೆಲ್ಲ ನಿನ್ನ ಮನಸ್ಸಿಗೆ ಒಗ್ಗುವುದಿಲ್ಲ ಎಂದು ನಾವು ಮೊದಲೇ ಹೇಳಿದ್ದೆವು.

ಲೇಹ್ಯದಲ್ಲಿ ನೆಲ್ಲಿಕಾಯಿ, ಬೆಲ್ಲ, ತುಪ್ಪ, ಏಲಕ್ಕಿ ಬಿಟ್ಟರೆ ಬೇರೇನೂ ಇಲ್ಲ. ಹೆತ್ತ ತಾಯಿ ಮಗಳ ಬಾಯಿಗೆ ಬೇರೆ ಏನು ಹಾಕಿಯಾಳು? ಹಿಂದೆಯೂ ನೀನು ಹೀಗೇ ಅಂದಿದ್ದೆ. ಆಮೇಲೆ ನೀನೇ ಅತ್ತು ಕ್ಷಮೆ ಕೇಳಿದ್ದೆ. ನೆನಪು ಮಾಡಿಕೋ.

ಡಾಕ್ಟರುಗಳ ಬಳಿ ಒಬ್ಬಳೇ ಅಲೆಯಬೇಡ. ಕೇಂದ್ರದವರ ಜೊತೆಗೂ ಸದ್ಯ ಮಾತು ಬೇಡ. ಮಾಮ ಭಾನುವಾರ ಕಾರು ತೆಗೆದುಕೊಂಡು ಬರುತ್ತಾನೆ. ಒಂದೆರಡು ಜೊತೆ ಬಟ್ಟೆ ತೆಗೆದಿಟ್ಟುಕೋ. ಬಾಗಿಲ ಒಳಚಿಲಕ ಹಾಕಬೇಡ. ಎಲ್ಲ ನಿನ್ನ ಒಳ್ಳೆಯದಕ್ಕೇ.

ಇತಿ,
ನಿನ್ನ ಅಮ್ಮ
ಚಂದ್ರಾವತಿ

ಮರೆತ ಮಾತು: ಮರೆತದ್ದಲ್ಲ. ಮೇಲಿನದ್ದನ್ನು ಮಾಮ ಪಕ್ಕದಲ್ಲಿ ಕೂತು ಬರೆಸಿದ. ಓಣಂನಿಂದ ಇಲ್ಲೇ ಇದ್ದಾನೆ. ನಿನ್ನ ಕಾಗದ ಬಂದಾಗ ನಾನು ಆಫೀಸಿನಲ್ಲಿದ್ದೆ, ಅವನೇ ಒಡೆದು ಓದಿದ್ದ. ಈಗ ಅಂಚೆ ಕಚೇರಿಯ ಮೇಜಿಗೆ ಒರಗಿ ನಿಂತು ಇಷ್ಟನ್ನು ಬರೆಯುತ್ತಿದ್ದೇನೆ. ಅವನು ಹೊರಗೆ ಸ್ಕೂಟರಿನ ಮೇಲಿದ್ದಾನೆ.

ರಿಸ್ಪೆರಿಡೋನ್, ನೀರಿನ ಹಾಗಿರುವ ಔಷಧಿ. ಒಂದು ಚಮಚ ಲೇಹ್ಯಕ್ಕೆ ಎರಡು ಮಿಲಿಗ್ರಾಂ ಬರುವ ಹಾಗೆ ಕಲಸುತ್ತಿದ್ದೆ. ಜೂನ್‌ನಲ್ಲಿ ನಿನ್ನ ಮಾತು ಬಿರುಸಾಯಿತು ಅನ್ನಿಸಿ ನಾಲ್ಕು ಮಾಡಿದೆ. ಯಾರನ್ನೂ ಕೇಳಲಿಲ್ಲ. ನಿನ್ನ ಮೈಗೆ ಹಾಗೆಲ್ಲ ಆಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ ಕಂದ. ನಾಲ್ಕು ವರ್ಷದ ಹಿಂದೆ ಸಾರಿನಲ್ಲಿ ಏನೂ ಇರಲಿಲ್ಲ, ದೇವರಾಣೆ. ಈ ಸಲ ನೀನು ಹೇಳಿದ್ದು ನಿಜ.

ಮಾಮ ಹೊರಡುವುದು ಭಾನುವಾರವಲ್ಲ, ಶನಿವಾರ ಬೆಳಕು ಹರಿಯುವ ಮೊದಲೇ. ಆಸ್ಪತ್ರೆಯ ಇಬ್ಬರಿಗೆ ಹೇಳಿಯಾಗಿದೆ. ಇದು ಕೈಗೆ ಸಿಕ್ಕ ಕೂಡಲೇ ಡಾಕ್ಟರ್ ರಾಜಲಕ್ಷ್ಮಿ ಹತ್ತಿರ ಹೋಗಿ ತೋರಿಸು. ನನ್ನ ಸಹಿಯಿದೆ, ನಂಬುತ್ತಾರೆ. ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಯಿತು, ಒಮ್ಮೆ ಆನ್ ಮಾಡು.

ನಾಳೆ ಶುಕ್ರವಾರವೇ ತಲುಪುತ್ತದಾ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ಸಾಮಾನ್ಯವಾಗಿ ತಲುಪುತ್ತೆ ಚೇಚಿ" ಎಂದಳು. ಮಾಮ ಹಾರ್ನ್ ಹೊಡೆಯುತ್ತಿದ್ದಾನೆ.