ಮಾವನವರ ಮಡಿ ಪಂಚೆ

ಬಾಂಗ್ಸಾರ್, ಕ್ವಾಲಾಲಂಪುರ
12 ಅಕ್ಟೋಬರ್ 2021

ನನ್ನ ಮುದ್ದು ಚೈತನ್ಯಕ್ಕಾ,

ಕೆಲಸ ಸಿಕ್ಕಿತು ಕಣೇ, ಅದೂ ಇಪೋದಲ್ಲೇ, ನಿನ್ನ ಮೆಡಿಕಲ್ ಕಾಲೇಜಿನಿಂದ ಎರಡೇ ಬೀದಿ ಆಚೆ! ಟ್ಯೂಷನ್ ಸೆಂಟರ್ ಒಂದರಲ್ಲಿ ಚರಿತ್ರೆಯ ಟೀಚರ್. ಫೋನ್ ಮಾಡಿದರೆ ಈ ಮನೆಯಲ್ಲಿ ಮೂರು ಜೋಡಿ ಕಿವಿ ನಿಮಿರುತ್ತವೆ, ಅದಕ್ಕೇ ಕಾಗದ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡವನ್ನು ಹೊಟ್ಟೆಗೆ ಹಾಕಿಕೊ.

ಆನ್‌ಲೈನ್ ಮಾದರಿ ಪಾಠಕ್ಕೆ ಕೊಟ್ಟ ವಿಷಯ ನಾನೂರು ವರ್ಷದ ಹಿಂದಿನ ಸ್ಪೇನ್. ಅಲ್ಲಿ ಹಿಡಾಲ್ಗೊ ಎಂಬ ಸಣ್ಣ ಕುಲೀನರಿದ್ದರು. ಕೈಯಾರೆ ದುಡಿದರೆ ಮಾನ ಹೋಯಿತು, ತೆರಿಗೆ ಕಟ್ಟಿದರೆ ಕುಲ ಹೋಯಿತು. ಹೊಟ್ಟೆಗಿಲ್ಲದಿದ್ದರೂ ಸೊಂಟದಲ್ಲಿ ಕತ್ತಿ, ಪೆಟ್ಟಿಗೆಯಲ್ಲಿ ರಕ್ತ ಶುದ್ಧವೆಂಬ ಪತ್ರ. ಉಳುವವರು, ನೀರು ಹೊರುವವರು, ಬಟ್ಟೆ ಒಗೆಯುವವರು ಅವರ ಕಣ್ಣಿಗೆ ಮನುಷ್ಯರೇ ಅಲ್ಲ. ನಾನು ಪುಸ್ತಕ ತೆರೆಯಲೇ ಇಲ್ಲ ಅಕ್ಕಾ. ಮದುವೆಯಾದ ಈ ಹತ್ತು ತಿಂಗಳು ಅವರ ಜೊತೆಗೇ ಇದ್ದೇನಲ್ಲ.

ಮಾವ ಯಜ್ಞನಾರಾಯಣರು ಗೋತ್ರ ಕೇಳದೆ ಲಿಫ್ಟಿನಲ್ಲೂ ಯಾರ ಪಕ್ಕವೂ ನಿಲ್ಲುವವರಲ್ಲ. ಕಳೆದ ವರ್ಷ ಮಗ ಸುಜಿತ್ ಅವರನ್ನು ನೋಡಲು ಉಡುಪಿಯಿಂದ ಬಂದು, ಕೊರೋನಾದಿಂದ ವಿಮಾನ ನಿಂತು, ಇಲ್ಲೇ ಉಳಿದರು. ಉಂಡ ತಟ್ಟೆ ಎತ್ತುವುದಿಲ್ಲ. ಗಂಡಸರು ಸಿಂಕ್ ಮುಟ್ಟಿದರೆ ಲಕ್ಷ್ಮಿ ನಿಲ್ಲುವುದಿಲ್ಲವೆಂದು ಅತ್ತೆ ವಿನೋದಾ ಅವರ ವಾದ. ಲಕ್ಷ್ಮಿ ಏಪ್ರಿಲ್‌ನಲ್ಲೇ ಹೋದಳು. ಸೈಬರ್‌ಜಯಾದ ಕಂಪನಿ ಸುಜಿತ್ ಅವರನ್ನು ಕೆಲಸದಿಂದ ಕೈಬಿಟ್ಟಿತು. ಆದರೂ ದಿನಾ ಇಸ್ತ್ರಿ ಅಂಗಿ ತೊಟ್ಟು, ಬಾಗಿಲು ಹಾಕಿಕೊಂಡು, ಇಲ್ಲದ ಮೀಟಿಂಗಿಗೆ ಕೂರುತ್ತಾರೆ. ಆ ಅಂಗಿಯಲ್ಲಿ ಎಷ್ಟು ಚೆಂದ ಕಾಣುತ್ತಾರೆ ಗೊತ್ತಾ! ಊಟ ತಲುಪಿಸುವ ಕೆಲಸವಿದೆ ಅಂದೆ. “ನಮ್ಮ ಮನೆತನದವರು ಬೈಕಲ್ಲಿ ಅನ್ನ ಹೊರುವುದಾ?” ಅಂದರು.

ಜುಲೈಯಲ್ಲಿ ಊಟಕ್ಕಿಲ್ಲದವರು ಬಾಲ್ಕನಿಗೆ ಬಿಳಿ ಬಾವುಟ ಕಟ್ಟಿದರೆ ನೆರೆಯವರು ದಿನಸಿ ತಂದುಕೊಡುತ್ತಿದ್ದರು, ನೆನಪಿದೆಯಾ? ಮಾವನಿಗೆ ಅದೆಲ್ಲಿ ಗೊತ್ತು? ಡ್ರೈಯರ್ ಮೈಲಿಗೆಯೆಂದು ತಮ್ಮ ಮಡಿ ಪಂಚೆಯನ್ನು ಬಾಲ್ಕನಿಯ ಕಂಬಿಗೆ ಹರವಿದರು. ಅರ್ಧ ಗಂಟೆಯಲ್ಲಿ ಕೆಳಮನೆಯ ಸರೋಜಿನಿ ಆಂಟಿ ಅಕ್ಕಿ, ಬೇಳೆ, ಎಣ್ಣೆ ತಂದು ಬಾಗಿಲಲ್ಲಿಟ್ಟರು. “ನಾಚ್ಕೋಬೇಡ ಮ್ಮಾ, ಎಲ್ಲರಿಗೂ ಕಷ್ಟವೇ ಲಾ,” ಎಂದರು, ಮಾತಿಗೊಂದು ‘ಲಾ’ ಸೇರಿಸುವ ಇಲ್ಲಿಯ ತಮಿಳಿನಲ್ಲಿ.

“ನಾವೆಂತ ಭಿಕ್ಷುಕರಾ? ವಾಪಸ್ ಕೊಡಿ,” ಎಂದು ಮಾವ ಗುಡುಗಿದರು. ಅತ್ತೆ ಚೀಲವನ್ನು ಒಳಗೆಳೆದುಕೊಂಡು, “ಯಾವ ಜಾತಿಯವರೋ ಏನೋ, ಎರಡು ಸಲ ತೊಳೆದರಾಯಿತು,” ಅಂದರು. ಮಧ್ಯಾಹ್ನ ಮಾವ ಮೂರು ಸಲ ಅನ್ನ ಬಡಿಸಿಕೊಂಡರು. ಸಾರು ಚೆನ್ನಾಗಿದೆ ಅಂತಲೂ ಅನ್ನಲಿಲ್ಲ.

ಪಾಠ ಮುಗಿದ ಮೇಲೆ ಸೆಂಟರಿನವರು ಕೇಳಿದರು, ಅಷ್ಟು ಹಸಿದಿದ್ದರೂ ಹಿಡಾಲ್ಗೊಗಳು ಯಾಕೆ ದುಡಿಯಲಿಲ್ಲ ಎಂದು. ಯಾರೋ ಒಬ್ಬಳು ಹೇಗೋ ಹೊಂದಿಸಿ ಬೇಯಿಸಿ ಹಾಕುತ್ತಿದ್ದಳು, ಅದಕ್ಕೇ ಅಂದೆ. ಕೆಲಸ ಕೊಟ್ಟುಬಿಟ್ಟರು.

ನಿನ್ನೆಯಿಂದ ರಾಜ್ಯದ ಗಡಿ ದಾಟಬಹುದಲ್ಲ. ಸುಜಿತ್ ಅವರನ್ನೂ ಕರೆದಿದ್ದೇನೆ. ಅಲ್ಲಿ ಮನೆತನ ಕೇಳುವವರಿಲ್ಲ, ಏನಾದರೂ ಕೆಲಸ ಹಿಡಿಯಬಹುದು ಅಂದೆ. ಯೋಚಿಸುತ್ತಾರಂತೆ.

ನಿನ್ನನ್ನು ಅಪ್ಪಿಕೊಳ್ಳಲು ಕಾದಿರುವ
ಇಂಚರ

ಇನ್ನೊಂದು ಮಾತು. ಪಂಚೆಯನ್ನು ಮೊದಲ ಸಲ ಹರವಿದವರು ಮಾವ. ಆ ಅಕ್ಕಿ ಮುಗಿದ ಮೇಲೆ ಎರಡು ಸಲ ಹರವಿದವಳು ನಾನು. ಎರಡನೆಯ ಸಲ ಸುಜಿತ್ ಕಿಟಕಿಯಿಂದ ನೋಡಿದರು. ನಾನೂ ಅವರನ್ನೇ ನೋಡಿದೆ. ಪರದೆ ಎಳೆದುಕೊಂಡರು. ಊಟದ ಹೊತ್ತಿಗೆ ಸರಿಯಾಗಿ ಹೊರಗೆ ಬಂದರು. ಟಿಕೆಟ್ ಒಂದೇ ತೆಗೆದಿದ್ದೇನೆ ಅಕ್ಕಾ. ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಕೆಎಲ್ ಸೆಂಟ್ರಲ್‌ನಿಂದ ಹೊರಡುವ ಇಪೋ ರೈಲು.