ಸಕ್ಕರೆ ಹಾಕದ ಚಹಾ

ಮನೋಳಿ
ಸಂಜೆ ಏಳು ಗಂಟೆ

ಡಾಕ್ಟರ್ ಸಾಹೇಬರಿಗೆ ದುಂಡಪ್ಪನ ನಮಸ್ಕಾರಗಳು.

ಇವತ್ತು ಹೊಲಕ್ಕೆ ಹೋಗಲಿಲ್ಲ. ಅತ್ತೆ ಸಿದ್ದಲಿಂಗವ್ವನವರು ತೀರಿಕೊಂಡ ಮಗಳ ಫೋಟೊದ ಮುಂದೆ ಸಕ್ಕರೆ ಹಾಕದ ಚಹಾ ಇಟ್ಟರು. ನನ್ನ ಮಹಾದೇವಿ ಅಂಥ ಚಹಾ ಎಂದೂ ಕುಡಿದವಳಲ್ಲ.

ಅವಳಿಗಾಗಿದ್ದ ಕ್ಯಾನ್ಸರ್ ಗಡ್ಡೆಯ ಜೀವಕೋಶಗಳ ಮೇಲೆ ಒಂದು ಬಗೆಯ ಸಕ್ಕರೆ ಇರುತ್ತದೆ, ಮನುಷ್ಯನ ರಕ್ತದಲ್ಲಿ ಸಹಜವಾಗಿಯೇ ಇರುವ ಪ್ರತಿಕಾಯಗಳು ಅದನ್ನು ಗುರುತು ಹಿಡಿಯುತ್ತವೆ ಎಂದು ನೀವು ಆಸ್ಪತ್ರೆಯಲ್ಲಿ ತಿಳಿಸಿ ಹೇಳಿದ್ದಿರಿ. ಅತ್ತೆಯವರ ಕಿವಿಗೆ ಬಿದ್ದದ್ದು ಸಕ್ಕರೆ ಒಂದೇ.

“ದಿನಾ ಎರಡೆರಡು ಚಮಚೆ ಹಾಕಿ ಕುಡಿಸಿದಾಕಿ ನಾನ. ನನ್ನ ಮಗಳ್ನ ನಾನ ಕೊಂದೆ” ಎನ್ನುತ್ತಾರೆ.

ಅದು ಚಹಾದ ಸಕ್ಕರೆಯಲ್ಲ, ಜೀವಕೋಶ ತಾನೇ ಮಾಡಿಕೊಳ್ಳುವಂಥದ್ದು ಎಂದು ನಾನು ಹೇಳಿದೆ.

“ಏಳನೇ ಇಯತ್ತೆ ಕಲ್ತು ಡಾಕ್ಟರ್ ಆದ್ರೇನ್ರಿ ಅಳಿಯಂದ್ರ? ನನ್ನ ಸಮಾಧಾನಕ್ಕ ಹೇಳ್ತೀರಿ, ಬಿಡ್ರಿ” ಎಂದರು.

ಊಟವನ್ನೂ ಅರ್ಧಕ್ಕೇ ಬಿಡುತ್ತಿದ್ದಾರೆ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವರನ್ನೂ ಕಳೆದುಕೊಳ್ಳಲಾರೆ. ದಯವಿಟ್ಟು ನೀವೇ ಒಮ್ಮೆ ಫೋನಿನಲ್ಲಿ ತಿಳಿಸಿ ಹೇಳಿರಿ. ನಾನು ಬರೆದೆನೆಂದು ಹೇಳಬೇಡಿರಿ. ಈ ಪತ್ರದ ಫೋಟೊ ತೆಗೆದು ನಿಮ್ಮ ಮೊಬೈಲಿಗೆ ಕಳಿಸುತ್ತಿದ್ದೇನೆ.

ನಾಳೆ ಫೋನನ್ನು ಅವರ ಹತ್ತಿರ ಬಿಟ್ಟು ಹೊಲಕ್ಕೆ ಹೋಗುತ್ತೇನೆ.

ಇಂತಿ,
ಮಹಾದೇವಿಯ ಗಂಡ ದುಂಡಪ್ಪ